ಬೆಂಗ್ಳೂರ್ ಸುತ್ತ ಗಾಳಕ್ಕೆ ಯಾವ ಮೀನು? ಕೆರೆಗೆ ಏನ್ ಬಿಟ್ಟಿದಾರೆ ಅಂತ ಮೊದ್ಲು ಕೇಳಿ

ಪ್ರಶ್ನೆ: ಸರ್, ನಾನು ಯಲಹಂಕದೋನು. ಆನ್‌ಲೈನಲ್ಲಿ ಏಳಡಿ ರಾಡು, ಸ್ಪಿನ್ನಿಂಗ್ ರೀಲು, ಒಂದು ಡಬ್ಬಿ ಲ್ಯೂರ್ (ಮೀನನ್ನ ಸೆಳೆಯೋ ನಕಲಿ ಮೇವು) ತರಿಸ್ಕೊಂಡಿದೀನಿ. ಯೂಟ್ಯೂಬಲ್ಲಿ ಅಮೆರಿಕದ ಲೇಕ್‌ಗಳಲ್ಲಿ ಬಾಸ್, ಪೈಕ್, ವಾಲೈ ಹಿಡಿಯೋದು ನೋಡ್ತಾ ಇರ್ತೀನಿ. ನಮ್ ಬೆಂಗ್ಳೂರ್ ಕೆರೆಗಳಲ್ಲಿ ಗಾಳ ಹಾಕೋರಿಗೆ ಯಾವ ಮೀನು ಫೇಮಸ್ಸು? ಕಾವೇರಿಯ ದೊಡ್ಡ ಮೀನು ಮಹಶೀರ್ ಟ್ರೈ ಮಾಡ್ಬಹುದಾ? ಹಿಡಿದಿದ್ದನ್ನ ತಿನ್ಬಹುದಾ? ಮಗನಿಗೆ ಹತ್ತು ವರ್ಷ, ಅವನನ್ನೂ ಕರ್ಕೊಂಡು ಹೋಗೋ ಆಸೆ.

ಉತ್ತರ: ಬಾಸ್, ಪೈಕ್, ವಾಲೈ ಮೂರನ್ನೂ ಮರೆತ್ಬಿಡಿ ಸರ್, ಆದ್ರೆ ಆ ಡಬ್ಬಿ ಎಸೀಬೇಡಿ, ಅದ್ರಲ್ಲಿ ರಬ್ಬರ್ ಕಪ್ಪೆ ಇದ್ರೆ ಅದು ಇಲ್ಲೂ ಕೆಲ್ಸಕ್ಕೆ ಬರತ್ತೆ, ಆಮೇಲೆ ಹೇಳ್ತೀನಿ. ವಾಲೈ ಮಿನಿಸೋಟಾದವರ ರಾಜ್ಯದ ಮೀನು, ಅಲ್ಲಿನ ಕೆರೆಗಳು ಹಿಮಗಡ್ಡೆ ಸರಿದು ತಾನಾಗೇ ಆಗಿರೋವು, ಮೀನೂ ಅಲ್ಲೇ ಹುಟ್ಟಿ ಬೆಳೆಯೋವು ಜಾಸ್ತಿ. ನಮ್ದು ಹಂಗಲ್ಲ. ಬೆಂಗ್ಳೂರಲ್ಲಿ ತಾನಾಗೇ ಆಗಿರೋ ಕೆರೆ ಅಂತ ಹುಡುಕಿದ್ರೆ ಸಿಗಲ್ಲ, ಎಲ್ಲಾ ಯಾರೋ ಹಳ್ಳಕ್ಕೆ ಅಡ್ಡ ಏರಿ ಹಾಕಿ ಕಟ್ಟಿದ್ದೇ. ಹೆಸರಘಟ್ಟ 1894ರಲ್ಲಿ ಅರ್ಕಾವತಿಗೆ ಕಟ್ಟಿದ್ದು, ತಿಪ್ಪಗೊಂಡನಹಳ್ಳಿ 1933ರದ್ದು, ಬಾಕಿ ಎಷ್ಟೋ ಕೆರೆ ಅದಕ್ಕಿಂತ ತುಂಬಾ ಹಳೇವು. ಕೆರೆ ಹೆಂಗೆ ಕಟ್ಟಿದ್ದೋ ಮೀನೂ ಹಂಗೇ ಬಿಟ್ಟಿದ್ದು. ಹಾಗಾಗಿ 'ಇಲ್ಲಿ ಯಾವ ಮೀನು ಫೇಮಸ್ಸು' ಅನ್ನೋದಕ್ಕಿಂತ 'ಈ ಕೆರೆಗೆ ಯಾರು, ಯಾವಾಗ, ಯಾವ ಮರಿ ಬಿಟ್ಟಿದಾರೆ' ಅಂತ ಕೇಳೋದೇ ಸರಿಯಾದ ಪ್ರಶ್ನೆ, ನನ್ ಉತ್ತರ ಎಲ್ಲಾ ಇದರ ಮೇಲೇ ನಿಂತಿದೆ.

ಯಾಕೆ ಅಂತ ಹೇಳ್ತೀನಿ. ಇಲ್ಲಿ ಗಾಳಕ್ಕೆ ಬೀಳೋ ದೊಡ್ಡ ಮೀನು ಅಂದ್ರೆ ಕಾಟ್ಲಾ, ರೋಹು, ಮೃಗಾಲ್. ಮೂರೂ ಗಂಗಾ ಕಡೆ ಮೀನು, ಕಾವೇರಿ ಅರ್ಕಾವತಿದಲ್ಲ. ಇವು ನಿಂತ ನೀರಲ್ಲಿ ಮೊಟ್ಟೆ ಇಡಲ್ಲ, ಮಳೆಗಾಲದಲ್ಲಿ ಹೊಳೆ ಉಕ್ಕಿ ಹರೀಬೇಕು, ಆಗ್ಲೇ ಇಡೋದು. 1957ರ ಜುಲೈ 10ಕ್ಕೆ ಒಡಿಶಾದಲ್ಲಿ ಹೀರಾಲಾಲ್ ಚೌಧುರಿಯವ್ರು ಪಿಟ್ಯುಟರಿ ಗ್ರಂಥಿಯ ರಸ ಇಂಜೆಕ್ಷನ್ ಮಾಡಿ ಈ ಜಾತಿ ಮೀನಿನ ಕೈಲಿ ಮೊಟ್ಟೆ ಇಡಿಸಿದ್ರು, ಆಮೇಲೇನೇ ಹ್ಯಾಚರಿಯಲ್ಲಿ ಮರಿ ಮಾಡಿ ದೇಶದ ಮೂಲೆಮೂಲೆ ಕೆರೆಗೆ ಬಿಡೋಕೆ ಶುರುವಾಗಿದ್ದು. ಜುಲೈ 10ನ್ನ ಈಗ್ಲೂ ಮೀನು ಕೃಷಿಕರ ದಿನ ಅಂತ ಮಾಡ್ತಾರೆ. ಅಂದ್ರೆ ನಿಮ್ ಹತ್ರದ ಕೆರೆಗೆ ಹೋದ್ವರ್ಷ ಮರಿ ಬಿಟ್ಟಿಲ್ಲ, ಅದಕ್ಕೂ ಮುಂಚಿಂದೆಲ್ಲಾ ಬಲೆ ಹಾಕಿ ಎತ್ತಿದಾರೆ ಅಂದ್ರೆ ನೀವು ಎಂಥಾ ಜಪಾನ್ ರೀಲ್ ಇಟ್ಕೊಂಡು ಕೂತ್ರೂ ಕಾಟ್ಲಾ ಬರಲ್ಲ, ಇದ್ರೆ ತಾನೇ ಬರೋಕೆ. ಬಿಟ್ಟಿದ್ರೆ ಮಾತ್ರ, ಒಳ್ಳೆ ನೀರಲ್ಲಿ ಕಾಟ್ಲಾ ಮೊದಲ್ನೇ ವರ್ಷಕ್ಕೇ ಕೆಜಿ ಹತ್ರ ಬಂದ್ಬಿಡತ್ತೆ, ರೋಹು ಅದಕ್ಕಿಂತ ಸ್ವಲ್ಪ ನಿಧಾನ.

ಕೇಳೋದು ಯಾರನ್ನ? ಮೀನಿನ ಹಕ್ಕನ್ನ ಸಾಮಾನ್ಯವಾಗಿ ಟೆಂಡರು, ಹರಾಜು, ಇಲ್ಲಾ ಸಹಕಾರ ಸಂಘಕ್ಕೆ ಗುತ್ತಿಗೆ ಅಂತ ಕೊಡ್ತಾರೆ. ದೊಡ್ಡ ಕೆರೆ ಆದ್ರೆ ಮೀನುಗಾರಿಕೆ ಇಲಾಖೆ, ಸಣ್ಣದಾದ್ರೆ ಪಂಚಾಯ್ತಿ. ಗುತ್ತಿಗೆದಾರ ದುಡ್ಡು ಕೊಟ್ಟು ಮರಿ ಬಿಟ್ಟಿರ್ತಾನೆ, ಆ ಮೀನು ಅವನದ್ದು, ನೀವು ಹೇಳ್ದೆ ಕೇಳ್ದೆ ಗಾಳ ಹಾಕಿದ್ರೆ ಅವನ ಕಣ್ಣಿಗೆ ನೀವು ಕಳ್ಳನೇ. ಸಿಟಿ ಒಳಗೆ ಬೇಲಿ ಹಾಕಿ ವಾಕಿಂಗ್ ಟ್ರ್ಯಾಕ್ ಮಾಡಿರೋ ಕೆರೆಗಳಲ್ಲಿ ಗೇಟ್ ಹತ್ರಾನೇ 'ಮೀನು ಹಿಡಿಯಬಾರದು' ಅಂತ ಬೋರ್ಡ್ ಇರತ್ತೆ, ಅಂಥ ಕಡೆ ವಾಚ್‌ಮನ್‌ಗೆ ಐವತ್ತು ರೂಪಾಯಿ ಕೊಟ್ಟು ಕೂರೋ ಚಾಳಿ ಬೇಡ ಸರ್, ನಮ್ ಹವ್ಯಾಸಕ್ಕೇ ಕೆಟ್ಟ ಹೆಸ್ರು. ಊರಾಚೆ ಕೆರೆಗಳಲ್ಲಿ ತೂಬಿನ ಹತ್ರ ಒಂದು ತೆಪ್ಪ ಮಗುಚಿ ಹಾಕಿರ್ತಾರೆ, ಅದರ ಅಕ್ಕಪಕ್ಕ ಯಾರಾದ್ರೂ ಬಲೆ ಹೊಲೀತಾ ಕೂತಿರ್ತಾರೆ. ಹೋಗಿ 'ಅಣ್ಣ, ಮರಿ ಯಾವಾಗ ಬಿಟ್ರಿ, ಯಾವ್ದು ಬಿಟ್ರಿ, ಗಾಳ ಹಾಕೋಕೆ ಬಿಡ್ತೀರಾ' ಅಂತ ಕೇಳಿ. ಕೆಲವ್ರು ದಿನಕ್ಕಿಷ್ಟು ಅಂತ ತಗೊಂಡು ಬಿಡ್ತಾರೆ, ಕೆಲವ್ರು ಆಗಲ್ಲ ಅಂತಾರೆ, ಆದ್ರೆ ಆ ಎರಡು ನಿಮಿಷದ ಮಾತಲ್ಲಿ ಯಾವ ವಿಡಿಯೋದಲ್ಲೂ ಸಿಗದೇ ಇರೋ ಮಾಹಿತಿ ಸಿಗತ್ತೆ. ಇನ್ನು ದುಡ್ಡು ಕಟ್ಟಿ ಹಿಡಿಯೋ ಪ್ರೈವೇಟ್ ಹೊಂಡಗಳೂ ಇದಾವೆ, ಕಲಿಯೋಕೆ ಪರ್ವಾಗಿಲ್ಲ, ಅಲ್ಲಿ ರೂಪ್‌ಚಂದ್ ಬಿಟ್ಟಿರ್ತಾರೆ, ಚೆನ್ನಾಗಿ ಎಳೆಯತ್ತೆ, ಅದು ದಕ್ಷಿಣ ಅಮೆರಿಕದ ಮೀನು.

ಸರಿ, ಮೀನು ಇದೆ ಅಂತ ಗೊತ್ತಾಯ್ತು ಅಂದ್ಕೊಳಿ. ಮುಂದೆ ನಾನು ಎಲ್ಲರಿಗೂ ಹೇಳೋದು ಒಂದೇ, ಮೀನಿನ ಬಾಯಿ ನೋಡಿ. ಮಾರ್ಕೆಟ್‌ಗೆ ಹೋಗಿ ಸ್ಟಾಲಲ್ಲಿ ಕಾಟ್ಲಾ ಪಕ್ಕ ರೋಹು, ರೋಹು ಪಕ್ಕ ಮೃಗಾಲ್ ಇಟ್ಟಿರ್ತಾರಲ್ಲ, ಸುಮ್ನೆ ನೋಡಿ. ಕಾಟ್ಲಾಗೆ ತಲೆ ದಪ್ಪ, ಕೆಳದವಡೆ ಮುಂದಕ್ಕೆ ಬಂದು ಬಾಯಿ ಮೇಲ್ಮುಖ ಇರತ್ತೆ, ಅದು ಮೇಲ್ನೀರಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ಜೀವಿಗಳನ್ನ ಸೋಸಿ ತಿನ್ನೋ ಮೀನು. ರೋಹುಗೆ ಬಾಯಿ ಸಣ್ಣದು, ಸ್ವಲ್ಪ ಕೆಳಗೆ ಬಾಗಿರತ್ತೆ, ಕೆಳತುಟಿ ಅಂಚು ಜಾಲರಿ ಜಾಲರಿ ಇರತ್ತೆ, ನಡುನೀರಲ್ಲಿ ಪಾಚಿ, ಕೊಳೆತ ಎಲೆ ಕೆರೆದು ತಿನ್ನತ್ತೆ. ಮೃಗಾಲ್ ತಳದ್ದು. ಗಾಳ ಹಾಕೋವಾಗ ಬೆಂಡು ಎಷ್ಟು ಮೇಲೆ ಕಟ್ಬೇಕು ಅನ್ನೋದು ಇಷ್ಟರಲ್ಲೇ ಗೊತ್ತಾಗೋಯ್ತು. ಹತ್ತಡಿ ನೀರಿರೋ ಕಡೆ ತಳಕ್ಕೆ ಸೀಸ ಬಿಟ್ಕೊಂಡು ಕಾಟ್ಲಾ ಕಾಟ್ಲಾ ಅಂತ ಕಾಯ್ತಾ ಇದ್ರೆ ಮೀನು ನಿಮ್ ಕೊಕ್ಕೆಯಿಂದ ಏಳೆಂಟಡಿ ಮೇಲೆ ಓಡಾಡ್ಕೊಂಡಿರತ್ತೆ. ಕಾಟ್ಲಾಗೆ ಮೇಲಿಂದ ಎರಡು ಮೂರಡಿ, ರೋಹುಗೆ ನಡುವಿಂದ ಶುರು ಮಾಡಿ ಸ್ವಲ್ಪಸ್ವಲ್ಪ ಕೆಳಗಿಳಿಸ್ತಾ ಹೋಗಿ, ರೋಹು ತಳದ ಹತ್ರಾನೂ ಬರತ್ತೆ.

ಇದ್ದಿದ್ರಲ್ಲಿ ನನ್ ಫೇವರಿಟ್ ರೋಹುನೇ, ಯಾರು ಏನೇ ಅನ್ಲಿ. ಕಾಟ್ಲಾ ಭಾರಕ್ಕೆ ಎಳೆಯತ್ತೆ ಅಷ್ಟೇ, ರೋಹು ಓಡತ್ತೆ, ದಡದ ಹತ್ರ ಬಂತು ಅನ್ನೋವಾಗ ನಿಮ್ಮನ್ನ ನೋಡಿ ಇನ್ನೊಂದ್ಸಲ ಓಡತ್ತೆ, ಹೊಸಬ್ರು ಲೈನ್ ಕಳ್ಕೊಳ್ಳೋದು ಅಲ್ಲೇ. ರೀಲಿನ ಡ್ರ್ಯಾಗ್, ಅಂದ್ರೆ ಲೈನ್ ಎಷ್ಟು ಬಿಗಿಯಾಗಿ ಬಿಚ್ಕೋಬೇಕು ಅಂತ ಹೊಂದಿಸೋ ತಿರುಪು, ಮೊದ್ಲೇ ಲೂಸ್ ಮಾಡಿಟ್ಟಿರಿ, ಕೈಯಲ್ಲಿ ಲೈನ್ ಎಳೆದ್ರೆ ಸ್ವಲ್ಪ ಬಿಗಿಯಾಗಿ ಬರ್ಬೇಕು, ಆದ್ರೆ ಬರ್ಬೇಕು.

ಆಹಾರ ಅಂತೀರಾ, ಅಂಗಡಿ ಪ್ಯಾಕೆಟ್ ಬೇಕಾಗಿಲ್ಲ. ಕಡ್ಲೆಕಾಯಿ ಹಿಂಡಿಯನ್ನ ಹಿಂದಿನ ರಾತ್ರಿ ನೆನೆಹಾಕಿ, ಬೆಳಿಗ್ಗೆ ನೀರು ಹಿಂಡಿ, ಅದಕ್ಕೆ ಹುರಿದ ರಾಗಿ ಹಿಟ್ಟು, ಅಕ್ಕಿ ತೌಡು, ಅಂಟಿಗೆ ಸ್ವಲ್ಪ ಮೈದಾ ಹಾಕಿ ಕಲಸಿ, ಚಪಾತಿ ಹಿಟ್ಟಿಗಿಂತ ಒಂಚೂರು ಗಟ್ಟಿಗೆ ಬರ್ಬೇಕು. ಮನೆ ಬಿಡೋ ಮುಂಚೆ ಗೋಲಿ ಗಾತ್ರದ ಉಂಡೆ ಮಾಡಿ ಒಂದು ಲೋಟ ನೀರಿಗೆ ಹಾಕಿ ನೋಡಿ. ಹಾಕಿದ ತಕ್ಷಣ ಬಿಟ್ಕೊಂಡ್ರೆ ಮೈದಾ ಸಾಲಲಿಲ್ಲ, ಅರ್ಧ ಗಂಟೆ ಆದ್ರೂ ಕಲ್ಲು ಕೂತಂಗೆ ಕೂತಿದ್ರೆ ಮೈದಾ ಜಾಸ್ತಿ ಆಯ್ತು. ಹತ್ತು ಹದಿನೈದು ನಿಮಿಷದಲ್ಲಿ ಅಂಚು ಸಡಿಲ ಆಗಿ ಪುಡಿಪುಡಿಯಾಗಿ ಉದುರ್ತಾ ಲೋಟದ ನೀರು ಮಬ್ಬಾಗ್ಬೇಕು, ಕೆರೆಯಲ್ಲಿ ಆ ಮಬ್ಬು ನೋಡಿನೇ ಮೀನು ಬರೋದು. ಕೆಲವ್ರು ಉಂಡೆ ಸುತ್ತ ನಾಕೈದು ಕೊಕ್ಕೆ ಚುಚ್ಚಿ ಎಸೀತಾರೆ, ಮೀನು ಜಾಸ್ತಿ ಸಿಗತ್ತೆ ನಿಜ, ಆದ್ರೆ ಕಣ್ಣಿಗೆ, ಕಿವಿರಿಗೆ ಸಿಕ್ಕಿ ಹರಿದೋಗತ್ತೆ, ಒಂದೇ ಕೊಕ್ಕೆ ಸಾಕು. ಸೆಲೆಕ್ಟ್ ಮಾಡಿದ್ ಜಾಗಕ್ಕೆ ಮೊದ್ಲು ಒಂದೆರಡು ದೊಡ್ಡ ಉಂಡೆ ಎಸೆದು ಟೀ ಕುಡೀರಿ, ಆಮೇಲೆ ಗಾಳ ಹಾಕಿ.

ಬೆಂಡು ನೋಡೋದು ಹೆಂಗೆ ಅಂದ್ರೆ, ಟಕ್ ಟಕ್ ಟಕ್ ಅಂತ ಕುಣಿದ್ರೆ ಅದು ಜಿಲೇಬಿ ಮೀನೋ (ಟಿಲಾಪಿಯಾ) ಸಣ್ಣ ಮರಿನೋ, ಎಳೀಬೇಡಿ. ರೋಹು ಆದ್ರೆ ಒಂದ್ಸಲ ನಡುಗಿ, ನಿಂತು, ಆಮೇಲೆ ನಿಧಾನಕ್ಕೆ ಒಂದ್ ಕಡೆಗೆ ಜಾರಿ ಮುಳುಗತ್ತೆ. ನೆಟ್ಟಗೆ ನಿಂತಿದ್ದ ಬೆಂಡು ಮೇಲಕ್ಕೆದ್ದು ಅಡ್ಡ ಬಿದ್ರೆ ಗಮನ ಕೊಡಿ, ಯಾವ್ದೋ ಮೀನು ಉಂಡೆನ ಸೀಸದ ಸಮೇತ ಮೇಲಕ್ಕೆತ್ತಿದೆ ಅಂತ ಅರ್ಥ, ಎಷ್ಟೋ ಜನ ಬೆಂಡು ಮುಳುಗ್ಲಿ ಅಂತ ಕಾಯ್ತಾ ಇದನ್ನ ಬಿಟ್ಬಿಡ್ತಾರೆ.

ಗೆಂಡೆ ಅಂದ್ರೆ ಕಾಮನ್ ಕಾರ್ಪ್, ಅದರ ಕಥೆ ಸ್ವಲ್ಪ ಬೇರೆ. ಅದೂ ಹೊರಗಿಂದಾನೇ, ಈಗ ಕೆರೆಗಳಲ್ಲಿರೋ ತಳಿ 1957ರಲ್ಲಿ ಬ್ಯಾಂಕಾಕ್‌ನಿಂದ ತಂದಿದ್ದು, ಆದ್ರೆ ಇದಕ್ಕೆ ಹೊಳೆ ಬೇಕಾಗಿಲ್ಲ, ಕೆರೆ ಅಂಚಿನ ಗಿಡಗಂಟಿಗೇ ಮೊಟ್ಟೆ ಅಂಟಿಸ್ಬಿಡತ್ತೆ, ಹಾಗಾಗಿ ಗುತ್ತಿಗೆದಾರ ಮರೆತ ಕೆರೆಯಲ್ಲೂ ಉಳ್ಕೊಂಡಿರತ್ತೆ. ಬಾಯಿ ಪಕ್ಕ ಎರಡು ಜೊತೆ ಮೀಸೆ, ಬಾಯಿನ ಕೊಳವೆ ಥರ ಚಾಚಿ ಕೆಸರನ್ನೇ ಹೀರಿ, ಬೇಕಾದ್ದು ಇಟ್ಕೊಂಡು ಮಿಕ್ಕಿದ್ದು ಉಗಿಯತ್ತೆ, ಅದಕ್ಕೇ ದಡದ ಹತ್ರ ಗುಳ್ಳೆ ಗುಳ್ಳೆ ಎದ್ದು ನೀರು ಕೆಂಪಗೆ ಕದಡಿದ್ರೆ ಅಲ್ಲಿ ಗೆಂಡೆ ಇದೆ ಅಂತ ಲೆಕ್ಕ. ಎರೆಹುಳ, ಜೋಳದ ಕಾಳು, ಹಿಟ್ಟಿನ ಉಂಡೆ ಎಲ್ಲಾ ತಿನ್ನತ್ತೆ, ತಳಕ್ಕೆ ಬಿಡಿ. ಹುಲ್ಲು ಗೆಂಡೆ, ಬೆಳ್ಳಿ ಗೆಂಡೆ ಕೂಡ ಇದಾವೆ, ಬೆಳ್ಳಿ ಗೆಂಡೆ ಗಾಳಕ್ಕೆ ಬರೋದು ಅಪರೂಪ.

ಈಗ ನಿಮ್ ರಬ್ಬರ್ ಕಪ್ಪೆಗೆ ಬರ್ತೀನಿ. ಇಷ್ಟೊತ್ತು ಹೇಳಿದ್ದೆಲ್ಲಾ ಬಿಟ್ಟ ಮೀನು, ಹಿಟ್ಟು ತಿನ್ನೋವು. ಇಲ್ಲಿನ ಮಣ್ಣಿನ ಮೀನು, ಬೇಟೆಯಾಡಿ ತಿನ್ನೋದು ಅಂದ್ರೆ ಮುರೆಲ್, ಊರ ಕಡೆ ಕೊರವ, ಕುಚ್ಚು ಅಂತೆಲ್ಲಾ ಜಾತಿ ಪ್ರಕಾರ ಹೆಸ್ರಿದೆ. ಹಾವಿನ ತಲೆ ಥರ ತಲೆ, ಬಾಯಿ ತುಂಬ ಹಲ್ಲು. ಇದು ಗಾಳಿ ಕುಡಿಯೋ ಮೀನು, ಕಿವಿರು ಒಂದೇ ಸಾಕಾಗಲ್ಲ, ಆಗಾಗ ಮೇಲೆ ಬಂದು ಬಾಯಿ ತೆರೆದು ಗಾಳಿ ತಗೊಂಡು ಹೋಗ್ಬೇಕು, ಅದಕ್ಕೇ ಆಕ್ಸಿಜನ್ ಇಲ್ಲದ ಕೊಚ್ಚೆಯಲ್ಲೂ, ಬೇಸಿಗೆಯಲ್ಲಿ ಬತ್ತಿ ಕೆಸರಾದ ಕೆರೆಯಲ್ಲೂ ಜೀವ ಹಿಡ್ಕೊಂಡಿರತ್ತೆ. ನೀವು ಮಾಡ್ಬೇಕಿರೋದು ಇಷ್ಟೇ, ಜೊಂಡು, ತಾವರೆ ಎಲೆ, ಅಂತರಗಂಗೆ ಇರೋ ಅಂಚಲ್ಲಿ ಸದ್ದಿಲ್ದೆ ನಿಂತು ನೋಡಿ, ಎಲ್ಲಾದ್ರೂ 'ಬ್ಳಕ್' ಅಂತ ಸದ್ದು ಬಂದು ಒಂದು ಉಂಗುರ ಎದ್ದರೆ ಅದು ಗಾಳಿಗೆ ಬಂದಿರೋ ಮುರೆಲ್. ಆ ಜಾಗಕ್ಕಿಂತ ನಾಕಡಿ ಆಚೆ ಕಪ್ಪೆ ಎಸೆದು ಎಲೆ ಮೇಲೆ ಕುಪ್ಪಳಿಸ್ತಾ ತನ್ನಿ. ನೀರು ಸಿಡಿದು ಕಪ್ಪೆ ಮಾಯ ಆದ ಕೂಡ್ಲೇ ಕೈ ತಾನಾಗೇ ಎಳೆಯತ್ತೆ, ಎಳೀಬಾರ್ದು, ಅದು ಬಾಯಿ ಮುಚ್ಚಿ ತಿರುಗ್ಲಿ, ಒಂದು ಉಸಿರಷ್ಟು ಬಿಟ್ಟು ಆಮೇಲೆ ಜೋರಾಗಿ ಎತ್ತಿ. ಮಾಮೂಲಿ ನೈಲಾನ್ ಇಲ್ಲಿ ತಡೆಯಲ್ಲ, ಗಿಡಕ್ಕೆ ನುಗ್ಗಿಬಿಡತ್ತೆ, ಎಳೆ ಎಳೆ ಹೆಣೆದಿರೋ ಬ್ರೇಯ್ಡ್ ಲೈನ್ ಹಾಕಿ.

ಇದರಲ್ಲಿ ಒಂದು ಮಾತು ಮಾತ್ರ ಸೀರಿಯಸ್ಸಾಗಿ ತಗೊಳಿ. ಮಳೆಗಾಲದಲ್ಲಿ ಕೆಲವೊಂದ್ಸಲ ನೀರಿನ ಮೇಲೆ ಕೇಸರಿ ಕೆಂಪು ಬಣ್ಣದ ಸಣ್ಣ ಮರಿಗಳ ಗುಂಪು ಉಂಡೆಯಾಗಿ ಓಡಾಡ್ತಿರತ್ತೆ, ಅದು ಮುರೆಲ್ ಮರಿ, ಕೆಳಗೆ ಅಪ್ಪ ಅಮ್ಮ ಕಾವಲಿರ್ತಾರೆ. ಆ ಗುಂಪಿನ ಮೇಲೆ ಕಪ್ಪೆ ಎಸೆದ್ರೆ ಗ್ಯಾರಂಟಿ ಹೊಡೆಯತ್ತೆ, ಹಸಿವಿಗಲ್ಲ, ಮರಿ ಕಾಯೋಕೆ. ಅದನ್ನ ಎತ್ಕೊಂಡು ಹೋದ್ರೆ ಜಿಲೇಬಿಗಳು ಐದೇ ನಿಮಿಷದಲ್ಲಿ ಆ ಮರಿಗಳನ್ನ ಮುಗಿಸ್ತಾವೆ. ಅದನ್ನ ಹಿಡಿದು ಫೋಟೋ ಹಾಕೋರನ್ನ ನಾನು ಮೀನು ಹಿಡಿಯೋರು ಅಂತ ಒಪ್ಪಲ್ಲ.

ಕ್ಯಾಟ್‌ಫಿಶ್ ಬಗ್ಗೆ ನೀವು ಕೇಳಿಲ್ಲ, ಆದ್ರೂ ಅದು ನಿಮ್ ಗಾಳಕ್ಕೆ ಬರತ್ತೆ. ಕೊಳಚೆ ಸೇರೋ ಕೆರೆಗಳಲ್ಲಿ ಸಿಗೋ ಕಪ್ಪು ಮೀಸೆಯ ದೊಡ್ಡ ಮೀನು ಆಫ್ರಿಕನ್ ಜಾತಿ. ಇದನ್ನ ಸಾಕೋದು ನಮ್ ದೇಶದಲ್ಲಿ ಬ್ಯಾನು, 2019ರಲ್ಲಿ ಎನ್‌ಜಿಟಿನೂ (ರಾಷ್ಟ್ರೀಯ ಹಸಿರು ನ್ಯಾಯಮಂಡಳಿ) ಗಟ್ಟಿಯಾಗಿ ಹೇಳ್ತು, ಆದ್ರೂ ಕದ್ದು ಸಾಕ್ತಾರೆ, ಮಳೆ ಬಂದಾಗ ಹೊಂಡ ತುಂಬಿ ರಾಜಕಾಲುವೆ ಹಿಡ್ಕೊಂಡು ಕೆರೆ ಸೇರ್ಕೊಳ್ಳತ್ತೆ, ಸೇರಿದ್ಮೇಲೆ ಬೇರೆ ಮೀನಿನ ಮರಿ ಉಳಿಸಲ್ಲ. ಸಿಕ್ರೆ ವಾಪಸ್ ಬಿಡ್ಬೇಡಿ, ಬೇರೆ ಕೆರೆಗಂತೂ ಬಿಡ್ಲೇಬೇಡಿ. ಎದೆ ರೆಕ್ಕೆ ಹತ್ರ ಎರಡು ಕಡೆ ಗಟ್ಟಿ ಮುಳ್ಳಿದೆ, ಚುಚ್ಚಿದ್ರೆ ಕೈ ಊದ್ಕೊಳತ್ತೆ.

ಟೈಮಿನ ವಿಷ್ಯ. ಎಲ್ಲರೂ ಬೆಳಗಿನ ಜಾವ ಹೋಗಿ ಅಂತಾರೆ, ಕಾವೇರಿ ದಡಕ್ಕೆ ಅದು ಸರಿ, ಬೆಂಗ್ಳೂರಿನ ಹಸಿರು ನೀರಿನ ಕೆರೆಗೆ ನಾನು ಒಪ್ಪಲ್ಲ. ಕೊಳಚೆ ಸೇರಿ ಪಾಚಿ ದಟ್ಟ ಆಗಿರೋ ನೀರಲ್ಲಿ ಹಗಲೆಲ್ಲಾ ಬಿಸಿಲಿಗೆ ಪಾಚಿ ಆಕ್ಸಿಜನ್ ಬಿಡತ್ತೆ, ರಾತ್ರಿ ಅದೇ ಪಾಚಿ ಆಕ್ಸಿಜನ್ ತಗೊಳತ್ತೆ, ಸೂರ್ಯ ಹುಟ್ಟೋ ಹೊತ್ತಿಗೆ ನೀರಲ್ಲಿ ಆಕ್ಸಿಜನ್ ತೀರಾ ಕಮ್ಮಿ. ಆಗ ಮೀನು ಮೇಲೆ ಬಂದು ಬಾಯಿ ಬಾಯಿ ಬಿಡ್ತಿರತ್ತೆ, ನೋಡಿದೋರು 'ಅಬ್ಬಾ ಎಷ್ಟೊಂದು ಮೀನು' ಅಂತ ಗಾಳ ಹಾಕ್ತಾರೆ, ಅದು ಉಸಿರಾಡೋಕೇ ಒದ್ದಾಡ್ತಿದೆ, ತಿನ್ನತ್ತಾ? ಎಂಟು ಒಂಬತ್ತು ಗಂಟೆ ಮೇಲೆ, ಇಲ್ಲಾ ಸಾಯಂಕಾಲ ನಾಲ್ಕರ ಮೇಲೆ ಹೋಗಿ. 2016ರ ಮಾರ್ಚಲ್ಲಿ ಹಲಸೂರು ಕೆರೆಯಲ್ಲಿ ರಾಶಿ ರಾಶಿ ಮೀನು ಸತ್ತು ತೇಲಿದ್ದು ನೆನಪಿರ್ಬಹುದು, ಬೇಸಿಗೆಯಲ್ಲೂ, ಮೊದಲ ಮಳೆಗೆ ಚರಂಡಿ ಕೊಳಕೆಲ್ಲಾ ಒಟ್ಟಿಗೆ ಬಂದು ಸೇರಿದಾಗ್ಲೂ ಹಿಂಗಾಗೋದು ಇದೇ ಆಕ್ಸಿಜನ್ ಸಮಸ್ಯೆಯಿಂದ.

ತಿನ್ನೋ ಪ್ರಶ್ನೆಗೆ ಉತ್ತರಾನೂ ಇಲ್ಲೇ ಇದೆ. ಸಿಟಿ ಕೆರೆದು, ಫ್ಯಾಕ್ಟರಿ ನೀರು ಸೇರೋ ಕಡೆದು, ಬೆಳ್ಳಂದೂರು ವರ್ತೂರು ಸಾಲಿಂದು, ವೃಷಭಾವತಿ ಹೋಗಿ ಸೇರೋ ಬೈರಮಂಗಲದ್ದು ತಿನ್ಬೇಡಿ. ಕೊಳಕಲ್ಲಿರೋ ಕ್ರಿಮಿ ಬೇಯಿಸಿದ್ರೆ ಸಾಯತ್ತೆ, ಸೀಸ ಕ್ಯಾಡ್ಮಿಯಂ ಥರದ್ದು ಎಷ್ಟು ಕುದಿಸಿದ್ರೂ ಸಾರಲ್ಲೇ ಇರತ್ತೆ. ತಿನ್ನೋ ಆಸೆ ಇದ್ರೆ ಊರಾಚೆ ಮಳೆ ನೀರಿನ ಕೆರೆ, ಗುತ್ತಿಗೆದಾರನ ಹತ್ರ ತೂಕ ಹಾಕ್ಸಿ ದುಡ್ಡು ಕೊಟ್ಟು ತನ್ನಿ.

ಮಹಶೀರ್. ಇದಕ್ಕೆ ಉತ್ತರ ಸ್ವಲ್ಪ ಬೇಜಾರಿನದ್ದೇ. ಕಾವೇರಿ ಕಡೆ ಬಿಳಿ ಮೀನು ಅಂತಾರೆ, 1946ರಲ್ಲಿ ಕಬಿನಿಯಲ್ಲಿ ಮೈಸೂರಿನ ವ್ಯಾನ್ ಇಂಗೆನ್ ಮನೆತನದವರೊಬ್ಬರು 120 ಪೌಂಡಿಂದು ಹಿಡಿದಿದ್ರು, ಅಂದ್ರೆ 54 ಕೆಜಿ ಮೇಲೆ. ಭೀಮೇಶ್ವರಿ, ಗಾಲಿಬೋರೆ, ದೊಡ್ಡಮಾಕಳಿ ಕ್ಯಾಂಪುಗಳಿಗೆ ರಾಗಿ ಮುದ್ದೆನ ಕೊಕ್ಕೆಗೆ ಚುಚ್ಚಿ ಅದನ್ನ ಹಿಡಿಯೋಕೇ ಪ್ರಪಂಚದ ಎಲ್ಲೆಲ್ಲಿಂದಾನೋ ಜನ ಬರ್ತಿದ್ರು, ಹಿಡಿದು ತೂಕ ನೋಡಿ ವಾಪಸ್ ಬಿಡ್ತಿದ್ರು. ಅದೆಲ್ಲಾ ಕಾವೇರಿ ವನ್ಯಜೀವಿ ಧಾಮದ ಒಳಗೆ ಬರತ್ತೆ, ಅಲ್ಲಿ ಗಾಳ ನಿಂತು ಹತ್ತು ವರ್ಷದ ಮೇಲಾಯ್ತು. ಗಾಳ ಹಿಡ್ಕೊಂಡು ಮುತ್ತತ್ತಿ ಕಡೆ ಹೋದ್ರೆ ನಿಮ್ಮೇಲೆ ಅರಣ್ಯ ಇಲಾಖೆ ಕೇಸು, ರಾಡೂ ಹೋಯ್ತು. ನಿಲ್ಲಿಸಿದ್ದು ಸರಿಯಾ ತಪ್ಪಾ ಅಂತ ಇನ್ನೂ ಜಗಳ ಇದೆ, ದಡದಲ್ಲಿ ಕ್ಯಾಂಪ್ ಇದ್ದಾಗ ಡೈನಮೈಟ್ ಸಿಡಿಸಿ ಮೀನು ಹಿಡಿಯೋರಿಗೆ ಭಯ ಇತ್ತು ಅಂತ ಹಳಬ್ರು ಹೇಳೋದ್ರಲ್ಲಿ ಹುರುಳಿದೆ ಅಂತಾನೇ ನನ್ ಅನಿಸಿಕೆ, ಆದ್ರೆ ಕಾನೂನು ಕಾನೂನು.

ಇದರಲ್ಲೂ ಬಿಟ್ಟ ಮೀನಿನ ಕಥೆ ಬರತ್ತೆ ನೋಡಿ. ಕಾವೇರಿಯ ಸ್ವಂತದ್ದು ಬೆನ್ನು ಉಬ್ಬಿದ, ಕಿತ್ತಳೆ ರೆಕ್ಕೆಯ ಮಹಶೀರ್. ಎಪ್ಪತ್ತರ ದಶಕದಿಂದ ಈಚೆಗೆ ಒಳ್ಳೇದಾಗ್ಲಿ ಅಂತಾನೇ ಮಹಾರಾಷ್ಟ್ರದ ಲೋನಾವಳ ಹ್ಯಾಚರಿಯ ನೀಲಿ ರೆಕ್ಕೆ ಮಹಶೀರ್ ಮರಿಗಳನ್ನ ಕಾವೇರಿಗೆ ಬಿಟ್ರು. ಅದು ತುಂಬ್ಕೊಳ್ತು, ಇಲ್ಲಿಂದು ಕಮ್ಮಿ ಆಗ್ತಾ ಬಂತು. 2018ರಲ್ಲಿ ಐಯುಸಿಎನ್ ಅನ್ನೋ ಅಂತರರಾಷ್ಟ್ರೀಯ ಪ್ರಕೃತಿ ಸಂರಕ್ಷಣಾ ಸಂಸ್ಥೆಯವ್ರು ಕಾವೇರಿಯ ಆ ಸ್ವಂತ ಮೀನನ್ನ ಅಳಿವಿನ ಕಟ್ಟಕಡೆ ಅಂಚಲ್ಲಿರೋ ಪಟ್ಟಿಗೆ ಹಾಕಿದ್ರು. ಮಗನಿಗೆ ಮಹಶೀರ್ ತೋರಿಸ್ಬೇಕು ಅಂದ್ರೆ ರಾಮನಾಥಪುರ, ಶೃಂಗೇರಿ, ಶಿಶಿಲ ಯಾವ್ದಕ್ಕಾದ್ರೂ ಹೋಗಿ, ದೇವಸ್ಥಾನದ ಮೀನು, ಹಿಡಿಯೋ ಹಂಗಿಲ್ಲ, ಮಂಡಕ್ಕಿ ಹಾಕಿದ್ರೆ ಕಾಲ ಹತ್ರಾನೇ ಬರತ್ತೆ.

ಮಗನಿಗೆ ಗಾಳ ಕಲಿಸೋಕೆ ಜಿಲೇಬಿಗಿಂತ ಒಳ್ಳೆ ಮೀನಿಲ್ಲ. 1952ರಲ್ಲಿ ಆಫ್ರಿಕಾ ತಳಿ ಟಿಲಾಪಿಯಾನ ದೇಶಕ್ಕೆ ತಂದ್ರು, ಹೆಣ್ಣು ಮೊಟ್ಟೆನ ಬಾಯಲ್ಲೇ ಇಟ್ಕೊಂಡು ಮರಿ ಮಾಡತ್ತೆ, ಹಾಗಾಗಿ ಎಲ್ಲಾ ಕಡೆ ತುಂಬ್ಕೊಂಡಿದೆ, ಯಾರಿಗೂ ನಷ್ಟ ಅನ್ಸಲ್ಲ. ಏಳಡಿ ರಾಡು ಅವನಿಗೆ ಬೇಡ, ಒಂದು ಸಣ್ಣ ಬಿದಿರು ಕೋಲು, ಅಷ್ಟೇ ಉದ್ದದ ದಾರ, 10ನೇ ನಂಬರ್ ಕೊಕ್ಕೆ, ಅರ್ಧ ಎರೆಹುಳ. ಕೊಕ್ಕೆಯ ಹಿಂಮುಳ್ಳನ್ನ ಇಕ್ಕಳದಲ್ಲಿ ಒತ್ತಿ ಮಟ್ಟ ಮಾಡ್ಕೊಡಿ, ಮೀನಿನ ಬಾಯಿಂದಾನೂ ಸುಲಭವಾಗಿ ಬರತ್ತೆ, ಅವನ ಬೆರಳಿಂದಾನೂ. ಜಿಲೇಬಿ ಬೆನ್ನಿನ ರೆಕ್ಕೆ ಮುಳ್ಳು, ತಲೆ ಕಡೆಯಿಂದ ಬಾಲದ ಕಡೆಗೆ ಕೈ ಸವರಿ ರೆಕ್ಕೆ ಮಡಚಿ ಹಿಡಿಯೋದು ತೋರಿಸ್ಕೊಡಿ. ಮತ್ತೆ ಏರಿ ಕಲ್ಲು ಪಾಚಿಗೆ ಜಾರತ್ತೆ, ತೂಬಿನ ಹತ್ರ ಆಳ ಗೊತ್ತಾಗಲ್ಲ, ಅವನನ್ನ ಕೆರೆಯ ಇಳಿಜಾರು ಕಡೆ, ಮೊಣಕಾಲಷ್ಟು ನೀರಿರೋ ದಡದಲ್ಲಿ ಕೂರಿಸಿ, ಲೈಫ್ ಜಾಕೆಟ್ ಹಾಕ್ಸಿ, ಅವನ ಗಾಳ ನೀರಲ್ಲಿರೋ ಅಷ್ಟೊತ್ತೂ ನಿಮ್ ಗಾಳ ಹೊರಗೇ ಇರ್ಲಿ.